ಟೆನ್ಶನ್ ಮಾಡ್ಕೋಬೇಡಮ್ಮ!

ನಮ್ಮ ಮನೆಗಳಲ್ಲಿ ಗಂಡಸಿನ ಎದೆ ಡವಗುಟ್ಟಿದರೆ ಅದು ಹಾರ್ಟು. ಹೆಂಗಸಿನದು ಡವಗುಟ್ಟಿದರೆ ಟೆನ್ಶನ್ನು. ಅವನಿಗೆ ಇಸಿಜಿ, ಎಕೋ, ಅರ್ಧರಾತ್ರಿಯಲ್ಲಿ ಕಾರು. ಅವಳಿಗೆ ಉಪದೇಶ.

ಉಪದೇಶಕ್ಕೇನೂ ಬರವಿಲ್ಲ. ಅತ್ತೆ ಉಪ್ಪು-ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ನಾದಿನಿ ಪ್ರಾಣಾಯಾಮದ ವಿಡಿಯೊ ಕಳಿಸುತ್ತಾಳೆ. ಆ ಟೆನ್ಶನ್ನಿನಲ್ಲಿ ಅರ್ಧ ಪಾಲು ತನ್ನದೇ ಎಂಬುದನ್ನು ಮರೆತ ಗಂಡ, ‘ಸೀರಿಯಲ್ ನೋಡೋದು ಬಿಡು’ ಎನ್ನುತ್ತಾನೆ. ಗಡದ್ದಾಗಿ ಉಂಡರೂ ಆಕೆ ಸೊರಗುತ್ತಿದ್ದರೆ ಪಕ್ಕದ ಮನೆಯವರಿಗೆ ಹೊಟ್ಟೆಕಿಚ್ಚು: ‘ಏನ್ರೀ, ಯಾವ ಡಯಟ್ಟು?’ ಡಿಸೆಂಬರಿನಲ್ಲಿ ಫ್ಯಾನ್ ಹಾಕಿ ಬೆವರೊರೆಸಿಕೊಂಡರೆ ಕೊಬ್ಬು. ನಿದ್ದೆ ಬಾರದಿದ್ದರೆ ಮೊಬೈಲು. ಸಿಡುಕಿದರೆ ತವರಿನವರು ಕಲಿಸಿದ ಬುದ್ಧಿ. ಹೆರಿಗೆಯಾಗಿ ಕೆಲವೇ ತಿಂಗಳಾಗಿದ್ದರಂತೂ ವಿಚಾರಣೆಯೇ ಬೇಡ: ಬಾಣಂತಿಗೆ ಗಾಳಿ ಸೋಕಿದೆ!

ಇಷ್ಟೊಂದು ಆರೋಪಿಗಳ ನಡುವೆ, ಕೊರಳಲ್ಲಿ ಕೂತಿರುವ ಸುಮಾರು 20 ಗ್ರಾಂ ತೂಕದ ಥೈರಾಯ್ಡ್ ಗ್ರಂಥಿಯ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದು ಹಾರ್ಮೋನನ್ನು ಅಳತೆ ಮೀರಿ ಸುರಿದರೆ ಎದೆಬಡಿತ, ಬೆವರು, ನಡುಕ, ಕಾರಣವಿಲ್ಲದ ದಿಗಿಲು ಎಲ್ಲವೂ ಒಟ್ಟಿಗೇ ಬರಬಹುದು. ಬಾಣಂತಿಯರಲ್ಲೂ ಆ ಗ್ರಂಥಿ ಊದಿ ಇದೇ ಆಟ ಆಡುವುದುಂಟು. ಅನುಭವಸ್ಥ ವೈದ್ಯರು ಕೈ ಚಾಚಿಸಿ ಬೆರಳುಗಳ ಮೇಲೊಂದು ಹಾಳೆ ಇಡುತ್ತಾರೆ. ಹಾಳೆಯ ಅಂಚು ಪಟಪಟ ಅದುರುತ್ತದೆ. ಆ ಹಾಳೆಗೆ ಸೀರಿಯಲ್ಲೂ ಗೊತ್ತಿಲ್ಲ, ತವರೂ ಗೊತ್ತಿಲ್ಲ.

1835ರಲ್ಲಿ ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್, ಗಂಟಲು ಊದಿ ಎದೆ ಹೊಡೆದುಕೊಳ್ಳುತ್ತಿದ್ದ ಕೆಲವು ಹೆಂಗಸರ ಬಗ್ಗೆ ಬರೆದರು. ಅವರಲ್ಲಿ 20 ವರ್ಷದ ಒಬ್ಬಾಕೆಗೆ ಇದ್ದದ್ದು ಹಿಸ್ಟೀರಿಯಾ ಎಂದೇ ಮೊದಲು ಎಲ್ಲರೂ ತಿಳಿದಿದ್ದರು. ಆ ಕಾಯಿಲೆಗೆ ಇಂದು ಗ್ರೇವ್ಸ್ ಹೆಸರೇ ಇದೆ. ನಾವೂ ಹಿಂದೆ ಬಿದ್ದಿಲ್ಲ. ಹಿಸ್ಟೀರಿಯಾ ಬಿಟ್ಟು ಟೆನ್ಶನ್‌ವರೆಗೆ ಪ್ರಗತಿ ಸಾಧಿಸಿದ್ದೇವೆ.

ಥೈರಾಯ್ಡ್ ದೋಷ ಪತ್ತೆಗೆ ಮಾಡುವ ಟಿಎಸ್‌ಎಚ್ ರಕ್ತ ಪರೀಕ್ಷೆಗೆ ತಗಲುವುದು ಕೆಲವು ನೂರು ರೂಪಾಯಿ. ತಾಯತ ಕಟ್ಟಿಸಲು ಊರಾಚೆಗೆ ಹೋಗಿಬರುವ ಪೆಟ್ರೋಲಿಗಿಂತ ಅಗ್ಗ. ದೋಷ ಸಿಕ್ಕಿದರೆ ಅದಕ್ಕೆ ಚಿಕಿತ್ಸೆಯಿದೆ. ರಿಪೋರ್ಟ್ ನಾರ್ಮಲ್ ಬಂತೆಂದು ‘ನಾನ್ ಹೇಳ್ಲಿಲ್ವಾ?’ ಎಂದು ಬೀಗಬೇಡಿ. ಮನೋವೈದ್ಯರ ಬಳಿ ಕರೆದೊಯ್ಯಿರಿ. ಆತಂಕವೂ ಕಾಯಿಲೆಯೇ, ಕೊಬ್ಬಲ್ಲ. ಇವೆರಡೂ ನಿಮ್ಮಿಂದಾಗದಿದ್ದರೆ ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ. ಆಕೆಯ ಎದೆಬಡಿತ ಅಷ್ಟಾದರೂ ಇಳಿದೀತು.