ಮೂರು ಟೇಪಿನ ಹಾವು

ಮರಿಯಾಗಿದ್ದಾಗ ಕತ್ತೆಯೂ ಮುದ್ದು ಅನ್ನುತ್ತಾರೆ. ಹೆಬ್ಬಾವೂ ಅಷ್ಟೇ. ಮೊಟ್ಟೆಯೊಡೆದು ಬಂದಾಗ ಎರಡು ಅಡಿ ಇದ್ದರೆ ಹೆಚ್ಚು. ಅಂಗೈಯಲ್ಲಿ ಸುರುಳಿ ಸುತ್ತಿ ಕೂತರೆ ಯಾರಿಗಾದರೂ ಆಸೆ ಹುಟ್ಟೀತು. ಮಡಕಶಿರಾದ ನಮ್ಮಕ್ಕನ ಮಗನಿಗೆ ಫೋನಿನಲ್ಲಿ ನೋಡಿಯೇ ಹುಟ್ಟಿಬಿಟ್ಟಿತು. "ಬೊಗಳಲ್ಲ, ಕೂದಲು ಉದುರಿಸಲ್ಲ, ಪಕ್ಕದ ಮನೆಯವರ ಜತೆ ಜಗಳ ತರಲ್ಲ. ಇನ್ನೇನು ಬೇಕು ಮಾವ?" ಎಂದು ಅವನ ವಾದ. ಅಕ್ಕ ತಲೆ ಚಚ್ಚಿಕೊಂಡು, ಬುದ್ಧಿ ಹೇಳು ಅಂತ ಅವನನ್ನು ರಾಯದುರ್ಗಕ್ಕೆ ಅಟ್ಟಿದಳು.

ಬುದ್ಧಿ ಹೇಳುವುದು ನನಗೆ ಬರುವುದಿಲ್ಲ. ಅಳತೆ ತೆಗೆಯುವುದು ಬರುತ್ತದೆ. ಜೀನ್ಸ್ ಹೊಲಿದು ಬದುಕುವ ಊರು ನಮ್ಮದು; ನನ್ನ ಹೆಗಲ ಮೇಲೂ ಟೇಪು ಜನಿವಾರದ ಹಾಗೆ ಸದಾ ಇರುತ್ತದೆ. 60 ಇಂಚು, ಅಂದರೆ 5 ಅಡಿ. ಈ ತಾಲ್ಲೂಕಿನ ಎಂಥ ಹೊಟ್ಟೆಗೂ ಸಾಕು. "ಯಾವ ಹಾವು, ತೋರಿಸು" ಅಂದೆ.

ಮೊದಲು ತೋರಿಸಿದ್ದು ಬಾಲ್ ಪೈಥಾನ್. ಆಫ್ರಿಕಾದ್ದು, ಹೆದರಿದರೆ ತಲೆಯನ್ನು ಒಳಗಿಟ್ಟು ಉಂಡೆಯಾಗುತ್ತದೆ. ಬೆಳೆದರೂ ಸಾಮಾನ್ಯವಾಗಿ ಒಂದು ಟೇಪಿನೊಳಗೇ. ಆದರೆ ಬೆರಳು ಸರಿಸಿದವನು ಹಳದಿ ಬಣ್ಣದ ಬರ್ಮೀಸ್ ಹೆಬ್ಬಾವಿನ ಮೇಲೆ ನಿಂತ. ಎರಡು ವರ್ಷ ಹೊಟ್ಟೆ ತುಂಬ ಹಾಕಿದರೆ ಎಂಟು ಹತ್ತು ಅಡಿ; ಆಮೇಲೂ ಬೆಳೆಯುತ್ತಲೇ ಇರುತ್ತದೆ. ಹೆಣ್ಣು ಗಂಡಿಗಿಂತ ದೊಡ್ಡದು, ಮೂರು ಟೇಪು ದಾಟುವುದುಂಟು. ಅಮೆರಿಕದ ಇಲಿನಾಯ್ಸ್‌ನಲ್ಲಿ ಸಾಕಿದ್ದ ಒಂದು 5.74 ಮೀಟರ್ ಉದ್ದ, 182.8 ಕೆಜಿ ತೂಗಿತಂತೆ. ಅದರ ಹೆಸರು ಬೇಬಿ. ಮರಿಯಿದ್ದಾಗಲೇ ಇಟ್ಟ ಹೆಸರಿರಬೇಕು, ತಿದ್ದುವ ಧೈರ್ಯ ಆಮೇಲೆ ಯಾರಿಗೂ ಬಂದಿಲ್ಲ.

ಟೇಪನ್ನು ನೆಲದ ಮೇಲೆ ಮೂರು ಸಲ ಹಾಸಿ ಚಾಕ್‌ಪೀಸಿನಲ್ಲಿ ಗೆರೆ ಎಳೆದೆ. ಬಾಗಿಲಲ್ಲಿ ಹೊರಟ ಗೆರೆ ಮಿಷನ್ನುಗಳ ಕೆಳಗೆ ಹಾದು ಹಿತ್ತಲ ಹೊಸ್ತಿಲಿಗೆ ಮುಟ್ಟಿತು. ಕೆಲಸದ ಹುಡುಗರು ಕಾಲು ಮೇಲೆತ್ತಿಕೊಂಡರು, ಬರೀ ಗೆರೆಗೇ.

"ಏನು ಹಾಕ್ತೀಯ ಅದಕ್ಕೆ?" "ಈಗ ಇಲಿ, ಆಮೇಲೆ ಮೊಲ. ಸತ್ತಿದ್ದನ್ನ ಫ್ರೀಜರ್‌ನಲ್ಲಿಟ್ಟು, ಬಿಸಿ ಮಾಡಿ ಕೊಡೋದು." ಅಕ್ಕನ ಫ್ರಿಜ್ಜಿನಲ್ಲಿ ದೋಸೆ ಹಿಟ್ಟು, ಹೆಪ್ಪಿನ ಮೊಸರು, ದೇವರಿಗೆ ತಂದ ಹೂವು ಇರುತ್ತವೆ, ಆ ಮನೆಗೆ ಮೊಟ್ಟೆ ಕೂಡ ಬಂದಿಲ್ಲ. ಹೆಬ್ಬಾವು ಇಪ್ಪತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಇವನು ಮದುವೆಯಾಗಿ ಬೆಂಗಳೂರು ಸೇರುತ್ತಾನೆ, ಹಾವು ಅಕ್ಕನ ಪಾಲಿಗೆ. ಫ್ಲಾರಿಡಾದಲ್ಲಿ ಹೀಗೇ ಸಾಕಲಾರದೆ ಬಿಟ್ಟವೂ ಸೇರಿ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಂಸಾರ ಹೂಡಿ, ಅಲ್ಲಿನ ಸಣ್ಣಪುಟ್ಟ ಪ್ರಾಣಿಗಳನ್ನೆಲ್ಲ ನುಂಗುತ್ತಿವೆ.

ಕಾನೂನು ಬೇರೆ ಇದೆ. ನಮ್ಮದೇ ಹೆಬ್ಬಾವು, ಹತ್ತು ಅಡಿಯ ಆಸುಪಾಸು ಬೆಳೆಯುವಂಥದ್ದು, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಈಶಾನ್ಯದ ಕಾಡುಗಳಲ್ಲಿರುವ ಬರ್ಮೀಸ್ ಕೂಡ. ಹಿಡಿದು ಸಾಕಿದರೆ ಮೂರರಿಂದ ಏಳು ವರ್ಷ ಜೈಲು. ವಿದೇಶದ ಹಾವಿಗೂ 2024ರ ನಿಯಮದಂತೆ ನೋಂದಣಿ ಬೇಕು. ಕಾಗದಪತ್ರ ಯಾಕೆ ಅನ್ನುವವರು ಬ್ಯಾಂಕಾಕಿನಿಂದ ಸೂಟ್‌ಕೇಸಿನಲ್ಲಿ ತರುತ್ತಾರೆ: 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ 55 ಬಾಲ್ ಪೈಥಾನ್, ಜತೆಗೆ 17 ಕಾಳಿಂಗ ಸಿಕ್ಕವು. ಮರುವರ್ಷ ಹತ್ತು ಅನಕೊಂಡ. ಬಟ್ಟೆ ಎಲ್ಲಿಟ್ಟುಕೊಂಡಿದ್ದರೋ!

ಅಷ್ಟು ಪ್ರೀತಿಯಿದ್ದವರಿಗೆ ಮೈಸೂರು ಮೃಗಾಲಯದ ದತ್ತು ಯೋಜನೆ ಇದೆ. ದುಡ್ಡು ನಾವು ಕಟ್ಟುವುದು; ಊಟ, ಉಪಚಾರ, ಗೂಡು ತೊಳೆಯುವುದು ಅವರ ಕೆಲಸ. ಹಾವು ಎಷ್ಟು ಬೇಕಾದರೂ ಬೆಳೆಯಲಿ, ಜಾಗ ಅವರದು. ಅಳಿಯ ಮುಖ ಊದಿಸಿಕೊಂಡು ಒಪ್ಪಿದ್ದಾನೆ, ಅರ್ಧ ನಾನು ಹಾಕುವ ಷರತ್ತಿನ ಮೇಲೆ.

ಇನ್ನು ಹೊಲ, ಗುಡ್ಡದಲ್ಲಿ ಹೆಬ್ಬಾವು ಕಂಡರೆ ದಯವಿಟ್ಟು ಕಲ್ಲೆತ್ತಬೇಡಿ. ಒಮ್ಮೊಮ್ಮೆ ಕುರಿಮರಿ ನುಂಗುವುದು ನಿಜ, ಆದರೆ ವಿಷವಿಲ್ಲ. ಕಡಲೆಕಾಯಿ ಹೊಲದ ಇಲಿಗಳನ್ನೂ ಅದೇ ತಿನ್ನುತ್ತದೆ. ದೂರ ನಿಂತು ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ.