ಮಂದಿ ಹಿಡಿಯುವ ಮುಕಾದಮ

ಬೆಂಗಳೂರಿನ ಕಂಪನಿಗಳಿಗೆ ಆಳು ಹುಡುಕಿಕೊಡುವ ಹೆಡ್‌ಹಂಟರ್‌ಗಳು ಲ್ಯಾಪ್‌ಟಾಪ್ ಮುಂದೆ ಕೂತು ಬಯೋಡೇಟಾ ಜಾಲಾಡುತ್ತಾರಂತೆ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮುಕಾದಮನಿಗೆ ಅದರ ಹಂಗಿಲ್ಲ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಬೋರು ಫೇಲಾಯಿತು, ಯಾರ ಎತ್ತು ಸತ್ತಿತು ಎಂಬುದಷ್ಟು ಕಿವಿಗೆ ಬಿದ್ದರೆ ಸಾಕು. ಆ ಮನೆಯ ಗಂಡ ಹೆಂಡತಿ ಕಬ್ಬು ಕಡಿಯುವ ಗ್ಯಾಂಗಿಗೆ ಸೇರಿದರೆಂದೇ ಲೆಕ್ಕ.

ನಾಗರಪಂಚಮಿ ಮುಗಿಯುತ್ತಲೇ ಅವನ ತಿರುಗಾಟ ಶುರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್, ಎರಡು ಮೊಬೈಲು. ಒಂದು ಅಡ್ವಾನ್ಸ್ ಕೊಡಲಿಕ್ಕೆ, ಇನ್ನೊಂದು ಕೂಲಿಯ ಬಾಕಿ ಕೇಳುವವರಿಗೆ. ಎರಡನೆಯದು ಸದಾ ಸ್ವಿಚ್ಡ್ ಆಫ್.

"ಆರಾಮ ಇದ್ದೀರೇನ್ರಿ ಯಕ್ಕಾ? ಪೋರಿ ಲಗ್ನ ಗಟ್ಟಿ ಆಯ್ತಂತ. ರೊಕ್ಕದ ಚಿಂತಿ ಮಾಡಬ್ಯಾಡ್ರಿ, ನಾ ಇಲ್ಲೇನು?"

"ಬಡ್ಡಿ ಎಷ್ಟೋ ತಮ್ಮಾ?"

"ಶಿವ ಶಿವಾ! ಬಡ್ಡಿ ಅನ್ನಬ್ಯಾಡ್ರಿ. ಅಡ್ವಾನ್ಸ್ ಅದು!"

ಸುಸಲಾ, ಮಿರ್ಚಿ, ಮೇಲೊಂದು ಚಾ ಮುಗಿಯುವಷ್ಟರಲ್ಲಿ ಎಣ್ಣೆ ಹತ್ತಿದ ನೋಟ್‌ಬುಕ್ಕಿನಲ್ಲಿ ಹೆಬ್ಬೆಟ್ಟು ಬಿದ್ದಿರುತ್ತದೆ. ಲೆಕ್ಕವೆಲ್ಲ ಜೋಡಿಯದು: ಗಂಡ ಕಡಿಯಬೇಕು, ಹೆಂಡತಿ ಕಟ್ಟಿ ಹೊರಬೇಕು. ಒಂಟಿ ಹುಡುಗ ಬಂದರೆ ಮುಕಾದಮನ ಮುಖ ಗಂಟಿಕ್ಕುತ್ತದೆ. ಜೋಡಿ ಪೂರಾ ಆಗಲೆಂದು ಅವನೇ ಮುಂದೆ ನಿಂತು ಹೆಣ್ಣು ನೋಡುವುದೂ ಉಂಟು.

ಭೂಸನೂರು, ಹವಳಗಾ, ಮಳ್ಳಿ ಎಂದು ಈ ಸೀಮೆಯಲ್ಲೇ ಸಕ್ಕರೆ ಕಾರ್ಖಾನೆಗಳಿವೆ. ಆದರೂ ನಮ್ಮ ಮಂದಿ ಸಾಂಗ್ಲಿ, ಕೊಲ್ಹಾಪುರಕ್ಕೆ ಲಾರಿ ಹತ್ತುತ್ತಾರೆ. ಅತ್ತ ಬೀಡ ಕಡೆಯ ಗ್ಯಾಂಗುಗಳು ಕರ್ನಾಟಕಕ್ಕೆ ಇಳಿಯುತ್ತವೆ. ಯಾಕಪ್ಪಾ ಎಂದರೆ ಮುಕಾದಮನ ಉತ್ತರ ಸಿದ್ಧ: "ಊರ ಬಾಜೂಕ ಕೆಲ್ಸ ಕೊಟ್ರ ರಾತ್ರಿ ಮನಿಗಿ ಹೋಗ್ತಾರ್ರಿ. ಮುಂಜಾನಿ ಬರಲ್ಲ."

ಸರ್ಕಾರ ಸುಮ್ಮನೆ ಕೂತಿರಲಿಲ್ಲ. ಸಾಲಕ್ಕೆ ದುಡಿಸಿಕೊಳ್ಳುವ ಜೀತವನ್ನು 1976ರಲ್ಲೇ ರದ್ದು ಮಾಡಿತು. ಐದು ಮಂದಿಯನ್ನು ಪರರಾಜ್ಯಕ್ಕೆ ಕರೆದೊಯ್ದರೂ ಗುತ್ತಿಗೆದಾರನಿಗೆ ಲೈಸೆನ್ಸ್ ಬೇಕು, ಆಳಿಗೆ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು ಎಂದು 1979ರಲ್ಲಿ ಇನ್ನೊಂದು ಕಾಯ್ದೆ ತಂದಿತು. ಮುಕಾದಮನ ನೋಟ್‌ಬುಕ್ಕಿನಲ್ಲೂ ಫೋಟೊ ಇದೆ, ರಟ್ಟಿನ ಮೇಲೆ, ಗಾಣಗಾಪುರದ ದತ್ತಾತ್ರೇಯನದು.

ಸುಗ್ಗಿ ಮುಗಿದರೂ ನೋಟ್‌ಬುಕ್ಕಿಗೆ ಬಿಡುವಿಲ್ಲ. ಚುನಾವಣೆ ಬಂದರೆ ಅದೇ ಹೆಸರುಗಳು, ಹೊಸ ಹಾಳೆ: ತಲೆಗಿಷ್ಟು ರೊಕ್ಕ, ಒಂದು ಪಲಾವ್ ಪೊಟ್ಟಣ, ಒಂದು ನೀರಿನ ಬಾಟಲಿ. ಮುಂಜಾನೆ ಒಬ್ಬರಿಗೆ ಜೈ, ಸಂಜೆ ಇನ್ನೊಬ್ಬರಿಗೆ. ಶಲ್ಯ ಬದಲಿಸುವುದನ್ನು ಮಾತ್ರ ಅವನು ಮರೆಯುವುದಿಲ್ಲ.

ಇಷ್ಟೆಲ್ಲ ಆದರೂ ಅವನ ಮೇಲೆ ಪೂರ್ತಿ ಸಿಟ್ಟು ಮಾಡಲು ನನಗೆ ಆಗುವುದಿಲ್ಲ. ಅವನು ಹಂಚುವ ರೊಕ್ಕ ಅವನದಲ್ಲ. ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಮಾಲೀಕನಿಗೆ ಖಾಲಿ ಚೆಕ್ಕಿನ ಮೇಲೆ ಸಹಿ ಹಾಕಿಕೊಟ್ಟು ತಂದದ್ದು. ಎದುರಿಗಿದ್ದವರು ನಡುಗುವಾಗ ಅವನೂ ಒಳಗೊಳಗೇ ನಡುಗುತ್ತಿರುತ್ತಾನೆ. ಗ್ಯಾಂಗಿನಲ್ಲಿ ಒಬ್ಬ ಪರಾರಿಯಾದನೆಂದರೆ ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ.

ಹೋದ ದೀಪಾವಳಿಗೆ ಒಬ್ಬ ಈರಭದ್ರ ಮೂವರು ಮುಕಾದಮರ ಹತ್ತಿರ ಅಡ್ವಾನ್ಸ್ ಎತ್ತಿ ಪುಣೆಯ ಬಿಲ್ಡಿಂಗ್ ಕೆಲಸಕ್ಕೆ ಹೋಗಿಬಿಟ್ಟ. ಮೂವರೂ ಒಂದೇ ಮುಂಜಾನೆ ಅವನ ಬಾಗಿಲಿಗೆ ಬಂದರು. ಮನೆಯಲ್ಲಿದ್ದ ಮುದುಕಿ ಮೂವರಿಗೂ ಚಾ ಕೊಟ್ಟಳು. ಪುಣೆಗೆ ಹೋಗಿ ಹಿಡಿದು ತರುವವರು ಯಾರು, ಬಸ್‌ಚಾರ್ಜು ಯಾರದು ಎಂದು ಜಗಳ ಹತ್ತಿತ್ತು. ಅಷ್ಟರಲ್ಲಿ ಆ ಮೂವರಲ್ಲಿ ಒಬ್ಬನಾದ ನಮ್ಮ ಮುಕಾದಮನ ಮೊಬೈಲು ರಿಂಗಾಯಿತು. ಪುಣೆಯಿಂದ ಆ ಈರಭದ್ರನೇ.

"ಕಾಕಾ, ಸಿಟ್ಟಾಗಬ್ಯಾಡ. ಇಲ್ಲಿ ಇನ್ನಾ ಹತ್ತು ಮಂದಿ ಬೇಕಂತ. ಹಿಡದು ಕಳಸ್ತಿಯೇನು? ತಲಿಗಿ ಕಮಿಷನ್ ಅದ."

ಮುಕಾದಮ ಉಳಿದಿಬ್ಬರ ಕಡೆ ಒಮ್ಮೆ ನೋಡಿ, ಮೊಬೈಲು ಹಿಡಿದುಕೊಂಡು ಬಚ್ಚಲ ಹಿಂದಕ್ಕೆ ಸರಿದ. "ಮೆಲ್ಲಕ ಮಾತಾಡೋ ತಮ್ಮಾ. ತಲಿಗಿ ಎಷ್ಟ ಅಂದಿ?"