ಫಾರ್ಮ್ಯಾಟ್ ಮಾಮಾ

ಕಲಬುರಗಿಯ ಓಣಿಗೊಬ್ಬ ಫಾರ್ಮ್ಯಾಟ್ ಮಾಮಾ ಇದ್ದೇ ಇರುತ್ತಾನೆ. ಹೊಟ್ಟೆಪಾಡಿಗೆ ಸರ್ಕಾರಿ ಗುಮಾಸ್ತಿಕೆ, ಕಿಸೆಯಲ್ಲಿ ಸದಾ ಒಂದು ಪೆನ್‌ಡ್ರೈವ್. "ಕಂಪ್ಯೂಟರ್ ತಾನೇ ಬಂದ್ ಆಗಿ ತಾನೇ ಚಾಲೂ ಆಗ್ಲತ್ತದ" ಎಂದು ಫೋನಿನಲ್ಲಿ ಹೇಳಿ ಮುಗಿಸುವ ಮೊದಲೇ ತೀರ್ಪು ಬರುತ್ತದೆ: "ವೈರಸ್ ಅದ. ಫಾರ್ಮ್ಯಾಟ್ ಹೊಡಿಬೇಕು."

ಈ ನಂಬಿಕೆ ಬುಡವಿಲ್ಲದ್ದಲ್ಲ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವರ್ಮ್ ಹಬ್ಬಿ, ವಿಂಡೋಸ್ ಎಕ್ಸ್‌ಪಿ ಪರದೆಯ ಮೇಲೆ 60 ಸೆಕೆಂಡು ಎಣಿಸಿ ರೀಸ್ಟಾರ್ಟ್ ಮಾಡಿಸುತ್ತಿತ್ತು. ಸೂಪರ್ ಮಾರ್ಕೆಟ್ ಕಡೆಯ ಸೈಬರ್ ಕೆಫೆಯೊಂದರಲ್ಲಿ ಮಾಮಾ ಅದನ್ನು ಕಣ್ಣಾರೆ ಕಂಡವನು. ಬ್ಲಾಸ್ಟರ್ ಎಂದೋ ಸತ್ತು ಮಣ್ಣಾಯಿತು. ಮಾಮಾನ ತಲೆಯಿಂದ ಮಾತ್ರ ಇಳಿದಿಲ್ಲ.

ಮೇ ತಿಂಗಳಲ್ಲಿ ಮಾಮಾನಿಗೆ ಕಮಲಾಪುರದ ಅಕ್ಕನ ಮನೆಯಿಂದ ಕರೆ ಬಂತು. ಕಂಪ್ಯೂಟರು ಮುಂಜಾನೆ ಚಲೋ ಇರುತ್ತದೆ, ಮಧ್ಯಾಹ್ನ ತಿರುಗಿತೋ ಘಳಿಗೆಗೊಮ್ಮೆ ರೀಸ್ಟಾರ್ಟ್. ಬೇಸಿಗೆಯಲ್ಲಿ ನಮ್ಮ ಸರ್ಕಾರಿ ಕಚೇರಿಗಳು ಬಿಸಿಲಿಗೆ ಅಂಜಿ ಮುಂಜಾನೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವಲ್ಲ, ಆ ಬಿಡುವಿನಲ್ಲೇ ಮಾಮಾ ಕಮಲಾಪುರದ ಮೇಲೆ ಹಾಯುವ ಹುಮನಾಬಾದ್ ಬಸ್ ಹತ್ತಿದ. ತನ್ನ ಆಫೀಸಿನ ಕಾಯಿಲೆಯೇ ಕಂಪ್ಯೂಟರಿಗೂ ಇರಬಹುದೆಂದು ಅವನಿಗೆ ಹೊಳೆಯಲಿಲ್ಲ. ಚಹಾ ಕುಡಿದು ಎಲ್ಲ ಅಳಿಸಿ ವಿಂಡೋಸ್ ಏರಿಸತೊಡಗಿದ. ಅರ್ಧಕ್ಕೇ ಮಷಿನ್ ಗಪ್ಪನೆ ಆರಿ ಮತ್ತೆ ಹೊತ್ತಿತು.

"ಮಾಮಾ, ಡಿಸ್ಕಿನ್ಯಾಗ ಏನೂ ಉಳಿದಿಲ್ಲ. ವೈರಸ್ ಎಲ್ಲಿ ಕುಂತದ?" ಎಂದಳು ಪಿಯುಸಿ ಓದುವ ಅಕ್ಕನ ಮಗಳು.

"ಇದು ಭಾಳ ಹಟಮಾರಿ ವೈರಸ್ ಅದವ್ವ."

ಹುಡುಗಿ ವಾದ ಮಾಡಲಿಲ್ಲ. ಬಯೋಸ್‌ಗೆ ಹೋಗಿ ಪ್ರೊಸೆಸರಿನ ಶಾಖ ನೋಡಿದಳು: 94 ಡಿಗ್ರಿ. ಪ್ಲಗ್ ಕಿತ್ತು ಪಕ್ಕದ ತಗಡು ಬಿಚ್ಚಿದಳು. ತೊಗರಿ ಚೀಲಗಳ ಮಗ್ಗುಲಿಗೇ ಇಟ್ಟ ಡಬ್ಬಿ ಅದು. ಪ್ರೊಸೆಸರಿನ ಶಾಖ ಹೀರುವ ಹೀಟ್‌ಸಿಂಕಿನ ಸಂದಿಸಂದಿಗೂ ಹೊಟ್ಟಿನ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಬೆರಳಿನಿಂದ ತಳ್ಳಿದರೆ ಫ್ಯಾನು ಒಂದು ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಮಿತಿಮೀರಿ ಕಾಯ್ದ ಪ್ರೊಸೆಸರ್ ಸುಟ್ಟುಹೋಗದಂತೆ ಮಷಿನ್ ತಾನೇ ಕೆಲಸ ನಿಲ್ಲಿಸುತ್ತದೆ. (ಧೂಳಿಲ್ಲದಿದ್ದರೆ ಮುಂದಿನ ಅನುಮಾನ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಮೇಲೆ, ಆಮೇಲೆ ರ‍್ಯಾಮ್ ಮೇಲೆ. ಫಾರ್ಮ್ಯಾಟ್ ಎಲ್ಲಕ್ಕಿಂತ ಕಡೆಗೆ.) ಹಳೆಯ ಪೇಂಟ್ ಬ್ರಷ್‌ನಿಂದ ಧೂಳು ಕೆದರಿ, ಪ್ರೊಸೆಸರಿನ ಮೇಲೆ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದಳು. ಮಾಮಾ ಮತ್ತೆ ವಿಂಡೋಸ್ ಏರಿಸಿದ. ಸಂಜೆಯವರೆಗೂ ಕಂಪ್ಯೂಟರ್ ಒಮ್ಮೆಯೂ ತಾನೇ ಬಂದ್ ಆಗಲಿಲ್ಲ.

"ನೋಡಿದ್ಯಾ, ಫಾರ್ಮ್ಯಾಟ್ ಹೊಡದ ಮ್ಯಾಲೆ ಹೆಂಗ ನಡೀಲತ್ತದ!" ಎಂದ ಮಾಮಾ, ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿಯುತ್ತ.

ಅಕ್ಕ ಒಳಗಿನಿಂದ ಕೂಗಿದಳು: "ತಮ್ಮಾ, ಇದರಾಗ ನಮ್ಮ ಮನಿ ಶಾಂತಿ ಫೋಟೊ ಇದ್ವಲ್ಲೋ, ಎಲ್ಲಿ ಹೋದ್ವು?"

"ಅವನ್ನ ವೈರಸ್ ತಿಂದದ ಅಕ್ಕ."